ಸರ್ವಮಂಗಳೆಯ ಉಳಿಕೆ ಸದ್ದು

ನಮ್ಮೂರಿನ ಆಸ್ಪತ್ರೆಯಲ್ಲಿ ನನ್ನ ಕೆಲಸ ಸದ್ದು ಮಾಡುವುದು. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಇನ್ನು ಕೆಲವರು ನಾನು ಮೈಕ್ ಸೆಟ್ಟಿನವನೇನೋ ಅಂದುಕೊಳ್ಳುತ್ತಾರೆ. ಅದಲ್ಲ. ಆಪರೇಷನ್ ಕೋಣೆಯ ಮೂಲೆಯಲ್ಲಿ ನಿಂತು, ಮೇಜಿನ ಮೇಲೆ ಮಲಗಿದವರಿಗೆ ಯಾವ ಸದ್ದು ಬೇಕೋ ಆ ಸದ್ದನ್ನು ಡಾಕ್ಟರು ಸಾಕು ಅನ್ನುವವರೆಗೆ ಮಾಡುತ್ತಿರಬೇಕು. ಇಪ್ಪತ್ಮೂರು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಎಮ್ಮೆಯಾಗಿದ್ದೇನೆ, ಹಿಟ್ಟಿನ ಗಿರಣಿಯಾಗಿದ್ದೇನೆ, ಒಮ್ಮೆ ಎರಡೂವರೆ ಗಂಟೆ ನಿಂತಲ್ಲೇ ಗುರುಗುಟ್ಟುವ ಬಸ್ಸಾಗಿದ್ದೇನೆ. ಓಂಕಾರಪ್ಪನ ಬಾಯಿಗೆ ಬಾರದ ಸದ್ದಿಲ್ಲ ಎಂದು ಊರಿನಲ್ಲಿ ಹೆಸರು. ಆ ಹೆಸರು ಕೇಳಿ ಕೇಳಿ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಇಲ್ಲಿ ಐವತ್ತರ ಆಸುಪಾಸಿಗೆ ಎಲ್ಲರ ಕಿವಿಯೂ ಮುಚ್ಚುತ್ತದೆ. ಕೆಲವರಿಗೆ ನಲವತ್ತಾರಕ್ಕೇ, ಕೆಲವರಿಗೆ ಐವತ್ತೈದು ದಾಟಿದ ಮೇಲೆ. ಒಂದು ಬೆಳಗ್ಗೆ ಎದ್ದು ಕೂತರೆ ಮನೆಯವರು ಬಾಯಿ ಆಡಿಸುತ್ತಿರುತ್ತಾರೆ, ಮಾತಿರುವುದಿಲ್ಲ. ಆದರೆ ಒಂದೇ ಒಂದು ಸದ್ದು ಮಾತ್ರ ಎಲ್ಲರಿಗೂ ಉಳಿದಿರುತ್ತದೆ. ಯಾರಿಗೆ ಯಾವುದು ಎಂದು ಮೊದಲೇ ಹೇಳಲಾಗದು. ಅದಕ್ಕೆ ನಮ್ಮ ಕಡೆ ಉಳಿಕೆ ಅನ್ನುತ್ತಾರೆ. ಹೈಸ್ಕೂಲಿನ ಹಳೇ ಹೆಡ್‌ಮಾಸ್ತರರಿಗೆ ಡಸ್ಟರು ಮೇಜಿಗೆ ಬಡಿಯುವ ಸದ್ದು ಉಳಿದಿದೆ. ಪಾತ್ರೆ ಅಂಗಡಿಯವರ ಹೆಂಡತಿಗೆ ಷಟರಿನ ಸದ್ದು ಉಳಿದಿದೆಯೆಂದು ಆ ಮನುಷ್ಯ ದಿನಕ್ಕೆರಡು ಸಲ ಸುಮ್ಮಸುಮ್ಮನೆ ಷಟರು ಎಳೆದು ಎತ್ತುತ್ತಾನೆ. ಗಿರಾಕಿಗಳು ಅಂಗಡಿ ಮುಚ್ಚಿತೆಂದು ವಾಪಸು ಹೋದರೂ ಅವನಿಗೆ ಚಿಂತೆಯಿಲ್ಲ. ಇನ್ನೊಬ್ಬರಿಗೆ ಎದುರುಮನೆಯ ಸ್ಕೂಟರು. ಆ ಸ್ಕೂಟರನ್ನು ಮಾರಬೇಡಿ ಎಂದು ಬೀದಿಯವರೆಲ್ಲ ಸೇರಿ ಹೋಗಿ ಕೇಳಿಕೊಂಡು ಬಂದಿದ್ದೇವೆ.

ಕಿವಿ ಮುಚ್ಚಿದವರಿಗೆ ತಂತಿ ಹಾಕುತ್ತಾರೆ. ಕಿವಿಯ ಹಿಂದಿನ ಮೂಳೆ ಕೊರೆದು, ಒಳಗಿನ ಶಂಖದಂಥ ಸುರುಳಿಯೊಳಕ್ಕೆ ಕೂದಲಿನಷ್ಟು ತೆಳು ತಂತಿಯೊಂದನ್ನು ಇಳಿಬಿಡುತ್ತಾರೆ. ಅದರ ಮೇಲೆ ಇಪ್ಪತ್ತೆರಡು ಚುಕ್ಕೆಗಳಿರುತ್ತವೆ. ಹೆಚ್ಚು ಚುಕ್ಕೆ ಒಳಗೆ ಹೋದಷ್ಟೂ ಮುಂದೆ ಮಾತು ಸ್ಪಷ್ಟವಾಗಿ ಕೇಳುತ್ತದೆ. ಹೊರಗಡೆ ಕಿವಿಯ ಮೇಲೊಂದು ಮಿಷನ್ನು, ತಲೆಗೆ ಅಂಟಿಕೊಳ್ಳುವ ಬಿಲ್ಲೆ. ಇಷ್ಟೇ ಆಗಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ. ತಂತಿ ಇಳಿಯುವಾಗ ಸುರುಳಿಯ ಗೋಡೆಗೆ ಒಂದಿಷ್ಟು ತರಚಿದರೂ ಉಳಿಕೆ ಹೋಗಿಬಿಡುತ್ತದೆ. ಆಮೇಲೆ ಮಿಷನ್ನು ತೆಗೆದಿಟ್ಟರೆ ಏನೂ ಇಲ್ಲ, ಬರೀ ಖಾಲಿ.

ಡಾಕ್ಟರ್ ಗುರುಪಾದಯ್ಯನವರದು ನಿಧಾನದ ಕೈ. ಒಳಗಿವಿಗೆ ದೇವರೇ ಇಟ್ಟ ಒಂದು ಕಿಟಕಿಯಿದೆ, ಅದರ ಪರದೆಯನ್ನು ಚೂರು ಸೀಳಿ ಅಲ್ಲಿಂದಲೇ ಹೋಗಬೇಕು, ಹೊಸ ಬಾಗಿಲು ತೆಗೆಯಬಾರದು ಎನ್ನುವುದು ಅವರ ಪಟ್ಟು. ಕಿವಿಯ ಸುತ್ತ ಮಾತ್ರ ಮರಗಟ್ಟಿಸುತ್ತಾರೆ, ರೋಗಿ ಎಚ್ಚರವಾಗಿರಬೇಕು. ನಾನು ಮೂಲೆಯಲ್ಲಿ ಆ ಮನುಷ್ಯನ ಉಳಿಕೆ ಸದ್ದನ್ನು ಮಾಡುತ್ತಿರುತ್ತೇನೆ. ಕೇಳುತ್ತಿರುವವರೆಗೆ ರೋಗಿ ತೋರುಬೆರಳು ಎತ್ತಿರಬೇಕು. ಬೆರಳು ಬಾಗಿತೋ, ಡಾಕ್ಟರು ಕೈ ನಿಲ್ಲಿಸಿ, ತಂತಿಯನ್ನು ಚೂರು ಹಿಂದಕ್ಕೆಳೆದು ಕಾಯುತ್ತಾರೆ. ಬೆರಳು ಮತ್ತೆ ಎದ್ದರೆ ಮುಂದಕ್ಕೆ, ಏಳದಿದ್ದರೆ ಅಲ್ಲಿಗೇ ಮುಗಿಸಿಬಿಡುತ್ತಾರೆ. ರೆಕಾರ್ಡು ಹಾಕಿದರೆ ಬೆರಳು ಏಳುವುದಿಲ್ಲ. ಅದೇಕೆಂದು ನನ್ನನ್ನು ಕೇಳಬೇಡಿ.

ಡಾಕ್ಟರ್ ವಿನುತಾ ಅವರು ಆರು ವರ್ಷದ ಹಿಂದೆ ಬಂದವರು. ಅವರದು ಬೇರೆಯೇ ದಾರಿ. ಕಿಟಕಿಯ ಪಕ್ಕದಲ್ಲಿ ತಮಗೆ ಬೇಕಾದ ಹಾಗೆ ತೂತು ಕೊರೆದು, ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಚುಕ್ಕೆಗಳನ್ನು ಒಂದೇ ಗತಿಯಲ್ಲಿ ಒಳಗೆ ಕಳಿಸಿಬಿಡುತ್ತಾರೆ. ಅವರ ರೋಗಿಗಳು ಫೋನಿನಲ್ಲಿ ಹರಟೆ ಹೊಡೆಯುತ್ತಾರೆ, ಸಂತೆಯ ಗಲಾಟೆಯಲ್ಲೂ ಚೌಕಾಸಿ ಮಾಡುತ್ತಾರೆ. ಆದರೆ ಉಳಿಕೆ ನೂರರಲ್ಲಿ ಹತ್ತು ಜನಕ್ಕೆ ಉಳಿದರೆ ಹೆಚ್ಚು. "ಒಂದು ಸದ್ದು ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀರಾ?" ಎಂದು ಅವರು ಕೇಳುತ್ತಾರೆ, ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ. ಅವರ ಕೋಣೆಯಲ್ಲಿ ನನಗೆ ಕೆಲಸವಿಲ್ಲ.

ನನ್ನ ಹೆಂಡತಿ ಸರ್ವಮಂಗಳೆಗೆ ಹೋದ ವರ್ಷ ನಲವತ್ತೆಂಟನೆಯ ವಯಸ್ಸಿನಲ್ಲಿ ಕಿವಿ ಮುಚ್ಚಿತು. ನನಗಿಂತ ಚಿಕ್ಕವಳು, ನನ್ನ ಕಿವಿಗಳು ಇನ್ನೂ ಗಟ್ಟಿಯಾಗಿವೆ. ಅವಳ ಕಸುಬು ಮದುವೆಗೆ ಗಂಡು ಹೆಣ್ಣು ಕೂಡಿಸುವುದು. ಎರಡು ಮನೆಯವರ ಮಾತು ಕೇಳಿ, ಹೇಳಿದ್ದನ್ನೂ ಹೇಳದೆ ನುಂಗಿದ್ದನ್ನೂ ಹಿಡಿದು, ಇಲ್ಲಿಯದನ್ನು ಅಲ್ಲಿಗೆ ಸಿಹಿಮಾಡಿ ಒಯ್ಯುವವಳು. ಇಂಥವಳಿಗೆ ಮಾತೇ ಬಂಡವಾಳ. ಹಾಗಾಗಿ ಇವಳು ವಿನುತಾ ಡಾಕ್ಟರ ಹತ್ತಿರವೇ ಹೋಗುತ್ತಾಳೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವಳು ನನ್ನನ್ನು ಒಂದು ಮಾತೂ ಕೇಳದೆ ಗುರುಪಾದಯ್ಯನವರ ಪಟ್ಟಿಯಲ್ಲಿ ಹೆಸರು ಬರೆಸಿ ಬಂದಳು.

ವಿನುತಾ ಡಾಕ್ಟರು ತಾವೇ ನಮ್ಮ ಮನೆಗೆ ಬಂದರು. ಸ್ಲೇಟಿನ ಮೇಲೆ ಬರೆದು ತೋರಿಸಿದರು: ನಿಮ್ಮ ಕೆಲಸಕ್ಕೆ ಮಾತು ಬೇಕಲ್ಲವೇ ಮಂಗಳಮ್ಮ?

"ಬೇಕು ಡಾಕ್ಟ್ರಮ್ಮ, ಬೇಡ ಅಂದೋರ್ಯಾರು," ಎಂದಳು ಇವಳು. ಕಿವಿ ಮುಚ್ಚಿದ ಮೇಲೆ ಅವಳ ದನಿ ಸ್ವಲ್ಪ ಏರಿತ್ತು. "ಆದ್ರೆ ಇಷ್ಟು ವರ್ಷ ಕೇಳಿದ ಮಾತಿನಲ್ಲಿ ಅರ್ಧ ಸುಳ್ಳು. ಆ ಅರ್ಧದಲ್ಲೂ ಮುಕ್ಕಾಲು ನಾನೇ ಹೇಳಿದ್ದು. ಸಿಕ್ಕಷ್ಟು ಸಿಗಲಿ ಬಿಡಿ. ಕಾಫಿ ಕುಡೀರಿ."

ಅವಳ ಉಳಿಕೆ ಯಾವುದೆಂದು ನನಗೆ ಗೊತ್ತಿರಲಿಲ್ಲ. ಉಳಿಕೆಯನ್ನು ಚೀಟಿಯಲ್ಲಿ ಬರೆದು, ಆಪರೇಷನ್ನಿಗೆ ಎಂಟು ದಿನ ಮೊದಲು ಸದ್ದು ಮಾಡುವವನ ಕೈಗೆ ಕೊಡುವುದು ಪದ್ಧತಿ. ಅದಕ್ಕೆ ಮುಂಚೆ ಕೇಳಬಾರದು. ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅವಳಮ್ಮನ ಬೀಸುವ ಕಲ್ಲಿರಬಹುದು. ನೀರೊಲೆಯ ಹಂಡೆ ಕುದಿಯುವುದಿರಬಹುದು. ನಾನು 'ಮಂಗಳಾ' ಎಂದು ಕರೆಯುವುದೇ ಯಾಕಿರಬಾರದು ಎಂಬ ಆಸೆಯೂ ಇತ್ತು. ಚೀಟಿ ಬಿಚ್ಚಿದೆ. 'ನಿಮ್ಮ ಗೊರಕೆ' ಎಂದು ಬರೆದಿತ್ತು.

ಇಂಗು ತಿಂದ ಮಂಗನ ಹಾಗೆ ನಿಂತುಬಿಟ್ಟೆ. ನಾನು ಗೊರಕೆ ಹೊಡೆಯುತ್ತೇನೆಂದು ಹುಟ್ಟಿದಾಗಿನಿಂದ ಒಬ್ಬರೂ ನನಗೆ ಹೇಳಿರಲಿಲ್ಲ. ಸ್ಲೇಟು ತೆಗೆದುಕೊಂಡು ಬರೆದು ಅವಳ ಮುಂದಿಟ್ಟೆ: ಯಾವಾಗಿನಿಂದ?

"ಮದುವೆಯಾದ ಮೂರನೇ ದಿನದಿಂದ," ಎಂದಳು. ಸೊಪ್ಪು ಬಿಡಿಸುತ್ತ ಕೂತಿದ್ದವಳು ತಲೆಯನ್ನೂ ಎತ್ತಲಿಲ್ಲ.

ಇಷ್ಟು ವರ್ಷ ಹೇಳಲಿಲ್ಲ ಯಾಕೆ, ಎಂದು ಬರೆದು ಮೂಗಿನ ಮುಂದೆ ಹಿಡಿದೆ.

"ಹೇಳಿದ್ರೆ ನೀವು ಮಗ್ಗುಲಾಗಿ ಮಲಕ್ಕೊಳ್ತಿದ್ರಿ."

ಇದಕ್ಕೇನು ಅರ್ಥ ಹೇಳಿ. ನನಗೆ ನಗು ಬಂತೋ ಅವಮಾನವಾಯಿತೋ ತಿಳಿಯಲಿಲ್ಲ. ಊರಿನ ಎಮ್ಮೆ, ಗಿರಣಿ, ಬಸ್ಸು ಎಲ್ಲವನ್ನೂ ಗಂಟಲಲ್ಲಿಟ್ಟುಕೊಂಡಿರುವ ನಾನು ನನ್ನ ಮೂಗಿನಿಂದಲೇ ಹೊರಡುವ ಸದ್ದನ್ನು ಒಮ್ಮೆಯೂ ಕೇಳಿಲ್ಲ. ಮಾರನೆಯ ದಿನ ಫೋನನ್ನು ದಿಂಬಿನ ಪಕ್ಕದಲ್ಲಿ ರೆಕಾರ್ಡಿಗಿಟ್ಟು ಮಧ್ಯಾಹ್ನದ ನಿದ್ದೆ ಮಾಡಿದೆ. ಎದ್ದು ಹಾಕಿ ಕೇಳಿದರೆ ಒಂದೂವರೆ ಗಂಟೆ ಬರೀ ಫ್ಯಾನು ತಿರುಗುತ್ತಿದೆ, ಅದು ಗೊರಕೆಯನ್ನು ನುಂಗಿತೋ, ನಾನು ಹೊಡೆಯಲೇ ಇಲ್ಲವೋ. ಇವಳಿಗೆ ಉಳಿದಿರುವುದು ಫ್ಯಾನಿನ ಸದ್ದೇ ಇರಬಹುದೇ? ಫ್ಯಾನು ಹಾಕಿ, ಆರಿಸಿ, ಹಾಕಿ ನೋಡಿದೆ. ಅವಳು ಸೊಪ್ಪು ಸೋಸುವುದರಿಂದ ತಲೆ ಎತ್ತಿ, "ಕರೆಂಟಿಗೆ ಏನಾಯ್ತ್ರೀ?" ಎಂದಳು. ಕೇಳಿ ಹೇಳಿದಳೋ, ಗಾಳಿ ಬಂದು ಹೋಗಿದ್ದಕ್ಕೆ ಹೇಳಿದಳೋ? ತಲೆ ಕೆಟ್ಟು ಗೊಬ್ಬರವಾಯಿತು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡಬೇಕು. ಮೂಳೆ ಕೊರೆಯುವ ಮೊದಲೇ ಒಂದು ಸಲ ಸದ್ದು ಮಾಡಿ ಬೆರಳು ಏಳುತ್ತದೆಯೇ ಎಂದು ನೋಡಿಕೊಳ್ಳುವುದು ನಿಯಮ. ಇಪ್ಪತ್ಮೂರು ವರ್ಷದಲ್ಲಿ ಒಮ್ಮೆಯೂ ಅದನ್ನು ತಪ್ಪಿಸಿರಲಿಲ್ಲ. ಅವತ್ತು ಮೇಜಿನ ಮೇಲೆ ನನ್ನ ಹೆಂಡತಿ. ಸುತ್ತ ಮೂರು ಜನ ಸಿಸ್ಟರುಗಳು, ಚೀಟಿಯನ್ನು ಆಗಲೇ ಓದಿ ಮಾಸ್ಕಿನೊಳಗೆ ನಗುತ್ತಿದ್ದಾರೆ. "ಏನಪ್ಪಾ, ನೋಡ್ಕೊಂಡ್ಯಾ?" ಎಂದು ಗುರುಪಾದಯ್ಯನವರು ಕೇಳಿದರು. ನನಗೆ ನಾಚಿಕೆ ಅಡ್ಡ ಬಂತು. "ಮನೇಲೇ ನೋಡ್ಕೊಂಡಿದೀನಿ ಸಾರ್," ಎಂದೆ. ಗೊರಕೆ ತಾನೇ, ಯಾವ ಮಹಾ, ನಾಲ್ಕು ಥರ ಹೊಡೆದರೆ ಒಂದಾದರೂ ತಾಕುತ್ತದೆ ಎಂಬ ಕೊಬ್ಬು.

ಕೊರೆಯುವುದು ಮುಗಿಯಿತು. ಕಿಟಕಿ ಕಂಡಿತು, ಪರದೆ ಸೀಳಿದರು, ತಂತಿ ಕೈಗೆ ತೆಗೆದುಕೊಂಡರು. "ಹ್ಞೂಂ, ಶುರು ಮಾಡು," ಎಂದರು. ನಾನು ಶುರುಮಾಡಿದೆ. ಮೊದಲು ನಮ್ಮಪ್ಪನ ಗೊರಕೆ. ಬೆರಳು ಏಳಲಿಲ್ಲ. ಆಮೇಲೆ ಆಸ್ಪತ್ರೆಯ ವಾಚ್‌ಮನ್ನನದು, ಸೀಟಿ ಬೆರೆತದ್ದು. ಇಲ್ಲ. ದಪ್ಪ ಗೊರಕೆ, ತೆಳು ಗೊರಕೆ, ನಡುವೆ ತಡೆದು ಗುಟುಕರಿಸುವ ಗೊರಕೆ. ಹಸಿರು ಬಟ್ಟೆಯ ಮೇಲೆ ಮಂಗಳನ ಕೈ ಬಿದ್ದುಕೊಂಡೇ ಇತ್ತು. ಸಿಸ್ಟರುಗಳ ನಗು ನಿಂತಿತು.

ಆಗ ಅವಳು ಮೇಜಿನ ಮೇಲಿಂದಲೇ, "ಎಲ್ಲಿ ಹೋದ್ರು ಇವ್ರು? ಇನ್ನೂ ಮಲಗಿಲ್ವಾ?" ಎಂದು ಕೇಳಿದಳು.

ಗುರುಪಾದಯ್ಯನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದ ನೋಟ ಸಾಯುವವರೆಗೆ ಮರೆಯಲಾರೆ. "ಮನೇಲಿ ನೋಡ್ಕೊಂಡಿದೀನಿ ಅಂದ್ಯಲ್ಲೋ."

"ತಪ್ಪಾಯ್ತು ಸಾರ್. ನಾನು ಅದನ್ನ ಕೇಳೇ ಇಲ್ಲ."

"ಕಿಟಕಿ ತೆಗೆದಾಗಿದೆ. ಹೀಗೇ ಬಿಟ್ಟು ಕೂರೋಕಾಗಲ್ಲ. ಕಣ್ಣು ಕಟ್ಟಿದವನ ಹಾಗೆ ಒಳಗೆ ಹೋಗೋ ಅಭ್ಯಾಸ ನನಗಿಲ್ಲ," ಎಂದರು. ಕೈಯಲ್ಲಿದ್ದ ತಂತಿ ಮಾತ್ರ ಅಲುಗಲಿಲ್ಲ. "ಮಲಗು. ನಿಜವಾಗಿ ಮಲಗು."

ಪಕ್ಕದಲ್ಲೊಂದು ಟ್ರಾಲಿ ತಂದು ಹಾಕಿದರು. ಮಲಗಿದೆ. ಹೆಂಡತಿಯ ತಲೆ ತೆರೆದಿದೆ, ಒಂದೊಂದು ನಿಮಿಷವೂ ನನ್ನ ನಿದ್ದೆಗಾಗಿ ಕಾಯುತ್ತಿದೆ, ಯಾವ ಮಗ ಮಲಗಿಯಾನು? ಕಣ್ಣು ಮುಚ್ಚಿದಷ್ಟೂ ಎದೆ ಹೊಡೆದುಕೊಳ್ಳುತ್ತಿತ್ತು. ಕಡೆಗೆ ಅರಿವಳಿಕೆ ಕೊಡುವ ಡಾಕ್ಟರು, ಮಂಗಳನ ಪಕ್ಕ ಸುಮ್ಮನೆ ಕೂತಿದ್ದವರು, ಎದ್ದು ಬಂದು ನನ್ನ ತೋಳಿಗೆ ಸೂಜಿ ಚುಚ್ಚಿದರು. "ಹತ್ತರಿಂದ ಹಿಂದಕ್ಕೆ ಎಣಿಸಿ," ಎಂದರು. ಏಳರವರೆಗೆ ಎಣಿಸಿದ್ದು ನೆನಪಿದೆ.

ಎಚ್ಚರವಾದಾಗ ವಾರ್ಡಿನಲ್ಲಿದ್ದೆ. ಪಕ್ಕದ ಮಂಚದಲ್ಲಿ ಮಂಗಳ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು, ಅವಳಿಗೀಗ ನಿದ್ದೆ. ಓಡಿಹೋಗಿ ಗುರುಪಾದಯ್ಯನವರನ್ನು ಹಿಡಿದೆ. "ಬೆರಳು ಎದ್ದಿತ್ತು ಕಣಯ್ಯ, ಚೆನ್ನಾಗೇ ಎದ್ದಿತ್ತು," ಎಂದರು. "ಹದಿನೈದು ಚುಕ್ಕೆ ಹೋಯ್ತು. ಹದಿನಾರಕ್ಕೆ ಬೆರಳು ಬಿತ್ತು. ಹಿಂದಕ್ಕೆಳೆದೆ, ಮತ್ತೆ ಎದ್ದಿತು. ಅಲ್ಲಿಗೇ ಮುಗಿಸ್ದೆ."

ನಾನು ಸಮಾಧಾನದಿಂದ ಹೊರಬರುವಷ್ಟರಲ್ಲಿ ಸಿಸ್ಟರ್ ದೇವಕುಮಾರಿ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು. ಅವಳು ಟ್ರಾಲಿಯ ಪಕ್ಕದಲ್ಲೇ ಇದ್ದವಳು. "ಓಂಕಾರಪ್ಪನೋರೆ, ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಹದಿನಾರಕ್ಕೆ ಬೆರಳು ಬಿತ್ತಲ್ಲ, ಆಗ ನೀವು ಗೊರಕೆ ನಿಲ್ಸಿದ್ರಿ. ಮಧ್ಯೆ ಒಂದರ್ಧ ನಿಮಿಷ ಉಸಿರು ಕಟ್ಟಿದೋರ ಹಾಗೆ ಸುಮ್ನಾದ್ರಿ. ಆಮೇಲೆ ಹೊಡೆದ್ರಿ, ಅದಕ್ಕೇ ಬೆರಳು ಎದ್ದಿತು ಅಂತ ನನಗನ್ಸುತ್ತೆ."

ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸದ್ದು ನಿಂತದ್ದಕ್ಕೆ ಬೆರಳು ಬಿತ್ತೋ, ತಂತಿ ತರಚಿದ್ದಕ್ಕೆ ಬಿತ್ತೋ? ಸಿಸ್ಟರು ಹೇಳಿದ್ದು ನಿಜವಾದರೆ ಇಪ್ಪತ್ತೆರಡೂ ಚುಕ್ಕೆ ಹೋಗುತ್ತಿದ್ದವು, ನಾನು ಅರ್ಧ ನಿಮಿಷ ಉಸಿರು ಹಿಡಿದು ಅವಳ ಏಳು ಚುಕ್ಕೆಗಳ ಮಾತನ್ನು ನುಂಗಿದೆ. ಡಾಕ್ಟರು ಹೇಳಿದ್ದು ನಿಜವಾದರೆ ಕೂದಲೆಳೆಯಲ್ಲಿ ಉಳಿಕೆ ಉಳಿದಿದೆ, ಅಥವಾ ಉಳಿದ ಹಾಗೆ ಕಂಡು ಆಮೇಲೆ ಹೋಗಿದೆ, ಹಾಗೂ ಆಗುವುದುಂಟು. ಕಿಟಕಿ ತೆಗೆದು ಕಾಯಿಸಿದ ಇಪ್ಪತ್ತು ನಿಮಿಷದ ಪಾಪ ಬೇರೆ. ಆ ಹೊತ್ತಿನಲ್ಲಿ ಆ ಕೋಣೆಯಲ್ಲಿ ಇದ್ದೂ ಇಲ್ಲದವನು ನಾನೊಬ್ಬನೇ.

ಇಪ್ಪತ್ತೈದು ದಿನವಾದ ಮೇಲೆ ಮಿಷನ್ನು ಹಾಕಿ ಆನ್ ಮಾಡಿದರು. ಮಂಗಳ ಕಣ್ಣು ಅಗಲಿಸಿ, ಸುತ್ತ ನೋಡಿ, "ಎಲ್ರೂ ತಗಡಿನ ಡಬ್ಬದೊಳಗೆ ಕೂತು ಮಾತಾಡ್ತಿದೀರಾ?" ಎಂದಳು. ಮೊದಮೊದಲು ಎಲ್ಲರಿಗೂ ಹಾಗೇ. ನಾಲ್ಕು ತಿಂಗಳಿಗೆ ಡಬ್ಬ ಹೋಗಿ ಮಾತು ಬಂತು. ಎದುರಿಗೆ ಒಬ್ಬರು ಕೂತು ನಿಧಾನವಾಗಿ ಆಡಿದರೆ ಪೂರ್ತಿ ತಿಳಿಯುತ್ತಿತ್ತು. ಮೂರು ಜನ ಒಟ್ಟಿಗೆ ಬಾಯಿ ಬಿಟ್ಟರೆ ಗಂಜಿ ಕಲೆಸಿದಂತೆ ಆಗುತ್ತಿತ್ತು. ಹೆಣ್ಣು ನೋಡುವ ಶಾಸ್ತ್ರವೆಂದರೆ ಹತ್ತು ಜನ ಹತ್ತು ಕಡೆಯಿಂದ ಮಾತಾಡುವ ಜಾಗ. ಒಂದು ದಿನ ಅಂಥ ಮನೆಯಿಂದ ಬೇಗನೆ ವಾಪಸು ಬಂದು ಚಪ್ಪಲಿ ಬಿಟ್ಟು, "ಇನ್ಮೇಲೆ ಶಾಸ್ತ್ರಕ್ಕೆ ನಾನು ಹೋಗಲ್ಲ. ಬೇಕಾದೋರು ಒಬ್ಬೊಬ್ಬರೇ ಮನೆಗೆ ಬರ್ಲಿ," ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ವಿನುತಾ ಡಾಕ್ಟರ ಕೈಯಲ್ಲಿ ಆಪರೇಷನ್ ಮಾಡಿಸಿಕೊಂಡ ಹಿಂದಿನ ಬೀದಿಯ ರತ್ನಾವತಿ ಈಗ ಶಾಸ್ತ್ರಗಳಿಗೆ ಹೋಗುತ್ತಾಳೆ, ಮಂಗಳನ ಗಿರಾಕಿಗಳೆಲ್ಲ ಅವಳ ಪಾಲು.

"ಉಳಿಕೆ ಇದೆಯೇನೇ?" ಎಂದು ನಾನು ಒಂದು ದಿನ ಕೇಳಿದೆ. ಎಷ್ಟೋ ದಿನ ಕೇಳಲು ಧೈರ್ಯವೇ ಬಂದಿರಲಿಲ್ಲ.

"ಇದೆ ಇದೆ. ಗಟ್ಟಿಯಾಗಿದೆ. ಯೋಚ್ನೆ ಮಾಡ್ಬೇಡಿ," ಎಂದಳು.

ಆ ದನಿ ನನಗೆ ಗೊತ್ತು. ಕೆಲಸವಿಲ್ಲದ ಹುಡುಗನ ಬಗ್ಗೆ ಹೆಣ್ಣಿನ ತಂದೆಗೆ, 'ಒಳ್ಳೇ ಮನೆತನ, ಯೋಚ್ನೆ ಮಾಡ್ಬೇಡಿ' ಎಂದು ಹೇಳುವುದೂ ಇದೇ ದನಿಯಲ್ಲಿ. ಬೇರೆಯವರ ಉಳಿಕೆಯಾಗಿದ್ದರೆ ನಾನೇ ಸದ್ದು ಮಾಡಿ ಪರೀಕ್ಷೆ ಮಾಡಿಬಿಡುತ್ತಿದ್ದೆ. ಇದನ್ನು ಹೇಗೆ ಮಾಡಲಿ? ಅದು ಹೊರಡುವಾಗ ನಾನು ಇರುವುದಿಲ್ಲ, ನಾನು ಇರುವಾಗ ಅದು ಹೊರಡುವುದಿಲ್ಲ. ಕೇಳುವವಳು ಅವಳೊಬ್ಬಳೇ, ಸಾಕ್ಷಿಯೂ ಅವಳೊಬ್ಬಳೇ. ಮಾತೂ ಕಳೆದುಕೊಂಡು, ಯಾವುದಕ್ಕಾಗಿ ಕಳೆದುಕೊಂಡಳೋ ಅದನ್ನೂ ಕಳೆದುಕೊಂಡು, ನನ್ನ ಸಮಾಧಾನಕ್ಕೆ ಹೀಗೆ ಹೇಳುತ್ತಿದ್ದರೆ? ಆಸ್ಪತ್ರೆಯಲ್ಲಿ ಎಮ್ಮೆಯ ಸದ್ದು ಮಾಡುವಾಗಲೂ ಅದೇ ಯೋಚನೆ. ಒಂದೆರಡು ಸಲ ಸದ್ದು ತಪ್ಪಿ ಗುರುಪಾದಯ್ಯನವರಿಂದ ಬೈಸಿಕೊಂಡೆ.

ಹೋದ ಭಾನುವಾರ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದ್ದೆ. ಮಂಗಳ ಮಿಷನ್ನಿನ ಬ್ಯಾಟರಿ ಚಾರ್ಜಿಗಿಟ್ಟು, ಬಿಲ್ಲೆಯನ್ನೂ ಕಿಟಕಿಯ ಮೇಲೆ, ನನ್ನ ತಲೆಯ ಹತ್ತಿರವೇ ಬಿಚ್ಚಿಟ್ಟು ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು. ಹಿತ್ತಲಿಗೂ ನಡುಮನೆಗೂ ಮಧ್ಯೆ ಅಡುಗೆಮನೆ ಇದೆ. ಅಲ್ಲಿಂದ ನಾನು ಕಾಣುವುದಿಲ್ಲ. ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬೀಳುವ ಸದ್ದು ಕೇಳುತ್ತ ಕೇಳುತ್ತ ನಿದ್ದೆ ಹೋದೆ.

ಎಷ್ಟು ಹೊತ್ತಾಯಿತೋ, ನೊಣವೊಂದು ತುಟಿಯ ಮೇಲೆ ಕೂತು ಎಚ್ಚರವಾಯಿತು. ಏಳಬೇಕೆನ್ನಿಸಲಿಲ್ಲ. ಕಣ್ಣು ಮುಚ್ಚಿಕೊಂಡೇ ಬಿದ್ದುಕೊಂಡಿದ್ದೆ. ಹಿತ್ತಲಲ್ಲಿ ಬಟ್ಟೆ ಕಲ್ಲಿಗೆ ಬೀಳುತ್ತಿತ್ತು, ಒಂದು, ಎರಡು, ಮೂರು. ಆಮೇಲೆ ನಿಂತಿತು. ಬಕೆಟ್ಟು ಉರುಳಿದ ಸದ್ದು. ಅಡುಗೆಮನೆಯಲ್ಲಿ ಓಡಿಬರುವ ಒದ್ದೆ ಕಾಲುಗಳ ಸದ್ದು.

"ರೀ, ಯಾಕ್ರೀ ನಿಂತೋಯ್ತು?" ಬಾಗಿಲಿನಿಂದಲೇ ಕೂಗಿದಳು. ಮೊಣಕಾಲೂರಿ ಪಕ್ಕದಲ್ಲಿ ಕೂತಳು. ಸೋಪಿನ ನೊರೆ ಮೆತ್ತಿದ ಕೈಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ನನ್ನ ಉಸಿರು ತಾಕಿದ್ದೇ, "ಸದ್ಯ," ಎಂದು ಗೋಡೆಗೆ ಒರಗಿದಳು. ಕಿಟಕಿಯ ಮೇಲಿನ ಬಿಲ್ಲೆಯನ್ನು ಅವಳು ಎತ್ತಿಕೊಂಡ ಸದ್ದು ಆಗಿರಲಿಲ್ಲ.

ನಾನು ಕಣ್ಣು ಬಿಡಲಿಲ್ಲ. ಬಿಟ್ಟಿದ್ದರೆ ಎಲ್ಲವೂ ಮಾತಾಗಿಬಿಡುತ್ತಿತ್ತು. ಅವಳೂ ಎದ್ದು ಹೋಗಲಿಲ್ಲ. ಹಿತ್ತಲಲ್ಲಿ ನಲ್ಲಿ ಸುರಿಯುತ್ತಲೇ ಇತ್ತು. "ಮಲಗಿ, ಮಲಗಿ," ಎಂದು ಮೆಲ್ಲಗೆ ಹೇಳಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದು ಮತ್ತೆ ಶುರುವಾಗಲೆಂದು ಕಾಯುತ್ತ ಕೂತಳು. ನಾನು ಉಸಿರನ್ನು ಸಮನಾಗಿ ಬಿಡುತ್ತ, ನಿದ್ದೆ ಬರಲಿ, ಈಗಲೇ ಬರಲಿ ಎಂದು ಬೇಡಿಕೊಳ್ಳುತ್ತ ಮಲಗಿದ್ದೆ.